ಅಭ್ಯರ್ಥಿಯ ಆಸ್ತಿ ವಿವರವನ್ನು ಓದುವ ಬಗೆ: ಪಕ್ಷ, ಹಣ ಮತ್ತು ಉದ್ಯಮದ ನಂಟು

ನಾಮಪತ್ರ ಸಲ್ಲಿಕೆ ಮುಗಿದ ಮರುದಿನ ಪತ್ರಿಕೆಗಳಲ್ಲಿ ಅತಿ ಶ್ರೀಮಂತ ಅಭ್ಯರ್ಥಿಗಳ ಪಟ್ಟಿ ಬರುತ್ತದೆ. ಚಹಾದಂಗಡಿಯಲ್ಲಿ ಅದರ ಬಗ್ಗೆ ಒಂದು ದಿನ ಮಾತಾಗುತ್ತದೆ, ಮೂರನೆಯ ದಿನಕ್ಕೆ ಎಲ್ಲರೂ ಮರೆತಿರುತ್ತಾರೆ. ಮರೆಯುವುದರಲ್ಲಿ ತಪ್ಪೇನಿಲ್ಲ, ಏಕೆಂದರೆ ಆ ಪಟ್ಟಿಯಲ್ಲಿರುವ ಒಟ್ಟು ಮೊತ್ತವು, ಅಭ್ಯರ್ಥಿ ನಾಮಪತ್ರದ ಜೊತೆ ತನ್ನ ಆಸ್ತಿ ವಿವರ ಕೊಡುವ ಇಡೀ ಪ್ರಮಾಣಪತ್ರದಲ್ಲಿ ಅತ್ಯಂತ ಕಡಿಮೆ ಸಂಗತಿ ತಿಳಿಸುವ ಅಂಕಿ. ಒಬ್ಬ ರಾಜಕಾರಣಿಯ ಹಣ ಎಲ್ಲಿಂದ ಬರುತ್ತದೆ, ಆ ಉದ್ಯಮಕ್ಕೆ ಸರ್ಕಾರದ ಯಾವ ಸಹಿ ಬೇಕು, ಪಕ್ಷ ಬದಲಾದರೂ ಬದಲಾಗದೆ ಉಳಿಯುವುದು ಯಾವುದು ಎಂಬ ಪ್ರಶ್ನೆಗಳಿಗೆ ಉತ್ತರದ ಸುಳಿವು ಅದೇ ಕಾಗದದ ಒಳಪುಟಗಳಲ್ಲಿದೆ. ತಮ್ಮ ಕ್ಷೇತ್ರದ ಅಭ್ಯರ್ಥಿಗಳ ಪ್ರಮಾಣಪತ್ರವನ್ನು ತಾವೇ ತೆರೆದು ಓದಬೇಕೆನ್ನುವವರಿಗಾಗಿ ಈ ಬರಹ.

ಈ ಕಾಗದ ನಮ್ಮ ಕೈಗೆ ಸುಲಭವಾಗಿ ಬಂದದ್ದಲ್ಲ. ಅಭ್ಯರ್ಥಿಯ ಹಿನ್ನೆಲೆ ತಿಳಿಯುವುದು ಮತದಾರನ ಹಕ್ಕು ಎಂದು ಸುಪ್ರೀಂ ಕೋರ್ಟ್ 2002ರ ಮೇ 2ರಂದು ಹೇಳಿತು. ಅದನ್ನು ಮೊಟಕುಗೊಳಿಸುವ ತಿದ್ದುಪಡಿಯನ್ನು ಸಂಸತ್ತು ತಂದಾಗ 2003ರ ಮಾರ್ಚ್ 13ರ ತೀರ್ಪಿನಲ್ಲಿ ಅದನ್ನೂ ರದ್ದುಪಡಿಸಿತು. ಆಸ್ತಿಯ ಜೊತೆಗೆ ಆದಾಯದ ಮೂಲವನ್ನೂ ತಿಳಿಸಬೇಕೆಂಬ ನಿಯಮ ಬಂದದ್ದು ಅದಕ್ಕೂ ಬಹಳ ವರ್ಷಗಳ ನಂತರ. ಆದ್ದರಿಂದ ಹಳೆಯ ಪ್ರಮಾಣಪತ್ರಗಳಲ್ಲಿ ಕೆಲವು ಕಲಂಗಳು ಕಾಣದಿದ್ದರೆ ಅದು ಅಭ್ಯರ್ಥಿಯ ಕಳ್ಳತನವಲ್ಲ, ಅಂದಿನ ನಮೂನೆಯಲ್ಲೇ ಅವು ಇರಲಿಲ್ಲ.

ಮೊದಲು ಕಾಗದಗಳನ್ನು ಕೂಡಿಸಿಕೊಳ್ಳಿ. ನಮೂನೆ 26 ಎಂಬ ಈ ಪ್ರಮಾಣಪತ್ರವನ್ನು ಚುನಾವಣಾ ಆಯೋಗವು ತನ್ನ ಜಾಲತಾಣದಲ್ಲಿ ಕ್ಷೇತ್ರವಾರು ಹಾಕುತ್ತದೆ. ಚುನಾವಣಾಧಿಕಾರಿಯ ಕಚೇರಿಯ ಸೂಚನಾ ಫಲಕದಲ್ಲೂ ಅಂಟಿಸಲಾಗುತ್ತದೆ. ಹಳೆಯ ಚುನಾವಣೆಗಳ ಪ್ರತಿಗಳು ಚುನಾವಣೆಗಳ ಮೇಲೆ ನಿಗಾ ಇಡುವ ಎಡಿಆರ್ ಸಂಸ್ಥೆ ನಡೆಸುವ ಮೈನೇತಾ ತಾಣದಲ್ಲಿ ಸಿಗುತ್ತವೆ. ಅಲ್ಲಿನ ಸಾರಾಂಶ ಕೋಷ್ಟಕ ಅನುಕೂಲಕರವಾಗಿದ್ದರೂ ಸ್ಕ್ಯಾನ್ ಮಾಡಿದ ಮೂಲ ಪ್ರತಿಯನ್ನೇ ಓದಬೇಕು, ಏಕೆಂದರೆ ಕೈಬರಹದ ಷರಾ, ಅಡಿಟಿಪ್ಪಣಿ, ಅನುಬಂಧಗಳು ಕೋಷ್ಟಕಕ್ಕೆ ಪೂರ್ತಿ ಇಳಿಯುವುದಿಲ್ಲ. ಒಬ್ಬನ ಪ್ರಮಾಣಪತ್ರವನ್ನು ಮಾತ್ರ ಓದಿದರೆ ಏನೂ ತಿಳಿಯದು. ಅದೇ ಅಭ್ಯರ್ಥಿ ಹಿಂದಿನ ಚುನಾವಣೆಯಲ್ಲಿ ಕೊಟ್ಟದ್ದು, ಈ ಬಾರಿ ಕೊಟ್ಟದ್ದು ಮತ್ತು ಎದುರಾಳಿ ಪಕ್ಷದ ಅಭ್ಯರ್ಥಿ ಕೊಟ್ಟದ್ದು, ಹೀಗೆ ಕನಿಷ್ಠ ಮೂರು ಕಾಗದ ಮೇಜಿನ ಮೇಲಿರಲಿ.

ಓದನ್ನು ಮೊದಲ ಪುಟದಿಂದ ಆರಂಭಿಸಬೇಡಿ. ನೇರವಾಗಿ ಒಂಬತ್ತನೆಯ ಕಲಂಗೆ ಹೋಗಿ. ಅಭ್ಯರ್ಥಿಯ ಮತ್ತು ಸಂಗಾತಿಯ ವೃತ್ತಿ ಅಲ್ಲಿರುತ್ತದೆ. ಕರ್ನಾಟಕದಲ್ಲಿ ಈ ಜಾಗದಲ್ಲಿ ಅತಿ ಹೆಚ್ಚು ಕಾಣುವ ಪದಗಳಲ್ಲಿ ‘ಕೃಷಿ’ ಒಂದು. ‘ಸಮಾಜ ಸೇವೆ’ಯೂ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಹೊರವಲಯದಲ್ಲಿ ಬಡಾವಣೆ ಕಟ್ಟಿ ಮಾರುವವರೂ ತಮ್ಮನ್ನು ಕೃಷಿಕರೆಂದು ಬರೆದುಕೊಳ್ಳುವುದನ್ನು ಕಂಡು ನಗುವ ಮುನ್ನ ಅದರ ಹಿಂದಿನ ಕಾನೂನನ್ನು ನೋಡಬೇಕು. ರಾಜ್ಯದ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು ಜಾರಿಯಲ್ಲಿದ್ದಷ್ಟು ಕಾಲ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ, ಕೃಷಿಯೇತರ ಆದಾಯ ಮಿತಿ ಮೀರಿದವರಿಗೂ ಅವಕಾಶವಿರಲಿಲ್ಲ. 2020ರಲ್ಲಿ ಆ ಕಲಂಗಳನ್ನೇ ತೆಗೆದುಹಾಕಲಾಯಿತು. ಅಂದರೆ ದಶಕಗಳ ಕಾಲ ‘ಕೃಷಿಕ’ ಎಂಬುದು ವೃತ್ತಿಯಷ್ಟೇ ಅಲ್ಲದೆ, ಜಮೀನು ಕೊಳ್ಳಲು ಬೇಕಾದ ಅರ್ಹತೆಯೂ ಆಗಿತ್ತು. ಇದರ ಜೊತೆಗೆ ಕೃಷಿ ಆದಾಯಕ್ಕೆ ಆದಾಯ ತೆರಿಗೆಯಿಲ್ಲ. ಹೀಗಾಗಿ ಆ ಪದ ಕಂಡಾಗ ಅದನ್ನು ನಂಬುವುದೂ ಬೇಡ, ತಳ್ಳಿಹಾಕುವುದೂ ಬೇಡ; ಪಕ್ಕದಲ್ಲಿ ಪೆನ್ಸಿಲ್‌ನಿಂದ ಒಂದು ಗುರುತು ಹಾಕಿ ಮುಂದಿನ ಕಲಂಗೆ ಸಾಗಿ.

ಮುಂದಿನದು ಆದಾಯದ ಮೂಲ. ಇದನ್ನು ಮೊದಲ ಭಾಗದಲ್ಲಿರುವ ಐದು ವರ್ಷಗಳ ತೆರಿಗೆ ವಿವರದ ಜೊತೆ ಹೊಂದಿಸಿ ಓದಬೇಕು. ಒಂದು ಲೆಕ್ಕ ಹಾಕೋಣ: ಅಭ್ಯರ್ಥಿ ವರ್ಷಕ್ಕೆ 12 ಲಕ್ಷ ರೂಪಾಯಿ ಆದಾಯ ತೋರಿಸಿದ್ದಾರೆ, ಅಂದರೆ ಐದು ವರ್ಷಕ್ಕೆ 60 ಲಕ್ಷ. ಅದೇ ಅವಧಿಯಲ್ಲಿ 4 ಕೋಟಿ ರೂಪಾಯಿಯ ಹೊಸ ಆಸ್ತಿ ಕೊಂಡಿದ್ದಾರೆ, ಸಾಲ 50 ಲಕ್ಷ ಮಾತ್ರ ಹೆಚ್ಚಿದೆ. ಉಳಿದ ಹಣ ಎಲ್ಲಿಂದ ಬಂತು? ಹಳೆಯ ಜಮೀನು ಮಾರಿರಬಹುದು, ದಾನಪತ್ರದ ಮೂಲಕ ಬಂದಿರಬಹುದು, ತಮ್ಮ ಜಾಗವನ್ನು ಬಿಲ್ಡರ್‌ಗೆ ಜಂಟಿ ಅಭಿವೃದ್ಧಿಗೆ ಕೊಟ್ಟು ಫ್ಲ್ಯಾಟ್‌ಗಳಲ್ಲಿ ಪಾಲು ಪಡೆದಿರಬಹುದು, ತೆರಿಗೆಯಿಲ್ಲದ ಅಡಿಕೆ ಅಥವಾ ಕಾಫಿಯ ಹಣವೂ ಆಗಿರಬಹುದು. ಇವುಗಳಲ್ಲಿ ಪ್ರತಿಯೊಂದಕ್ಕೂ ಪ್ರಮಾಣಪತ್ರದಲ್ಲೇ ಒಂದು ಹೆಜ್ಜೆಗುರುತು ಇರಬೇಕು: ಮಾರಿದ ಜಮೀನು ಈ ಬಾರಿಯ ಪಟ್ಟಿಯಲ್ಲಿ ಇಲ್ಲವಾಗಿರಬೇಕು, ತೋಟದಿಂದ ಬಂದ ಹಣವಾದರೆ ತೋಟದ ಎಕರೆಯೂ ಅದಕ್ಕೆ ತಕ್ಕಷ್ಟಿರಬೇಕು. ಗೃಹಿಣಿ ಎಂದು ಬರೆದ ಸಂಗಾತಿಯ ಹೆಸರಿನಲ್ಲಿ ಅಭ್ಯರ್ಥಿಗಿಂತ ಹೆಚ್ಚು ಆಸ್ತಿ ಇದ್ದರೆ ಅದೇ ಪರೀಕ್ಷೆಯನ್ನು ಅಲ್ಲಿಯೂ ಮಾಡಿ.

ಸ್ಥಿರಾಸ್ತಿಯ ಪುಟಗಳು ಬೇಸರ ತರಿಸಿದರೂ ಅತಿ ಹೆಚ್ಚು ಸಮಯ ಕೊಡಬೇಕಾದದ್ದು ಅವುಗಳಿಗೇ. ಪ್ರತಿ ಜಮೀನಿಗೂ ಸರ್ವೆ ನಂಬರ್, ವಿಸ್ತೀರ್ಣ, ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಕೊಂಡ ದಿನಾಂಕ, ಕೊಂಡ ಬೆಲೆ, ಇಂದಿನ ಅಂದಾಜು ಬೆಲೆ ಎಲ್ಲವೂ ಇರುತ್ತವೆ. ಎರಡು ಚುನಾವಣೆಗಳ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು, ಹಳೆಯ ಆಸ್ತಿಯ ಬೆಲೆ ಏರಿದ್ದರಿಂದ ಆದ ಹೆಚ್ಚಳ ಎಷ್ಟು, ಹೊಸದಾಗಿ ಕೊಂಡದ್ದರಿಂದ ಆದ ಹೆಚ್ಚಳ ಎಷ್ಟು ಎಂದು ಬೇರ್ಪಡಿಸಿ. ಡಿ.ಕೆ. ಶಿವಕುಮಾರ್ ಅವರು ಘೋಷಿಸಿದ ಕುಟುಂಬದ ಆಸ್ತಿ 2013ರಲ್ಲಿ ಸುಮಾರು 251 ಕೋಟಿ, 2018ರಲ್ಲಿ ಸುಮಾರು 840 ಕೋಟಿ, 2023ರಲ್ಲಿ ಸುಮಾರು 1,413 ಕೋಟಿ ರೂಪಾಯಿ. ರೂಪಾಯಿ ಲೆಕ್ಕದಲ್ಲಿ ಎರಡೂ ಏರಿಕೆಗಳು ಹೆಚ್ಚುಕಡಿಮೆ ಒಂದೇ ಎತ್ತರದವು. ಆದರೆ ವರ್ಷದ ದರಕ್ಕೆ ಇಳಿಸಿದರೆ ಮೊದಲ ಐದು ವರ್ಷಗಳದ್ದು ಶೇ 27ರಷ್ಟು, ನಂತರದ ಐದು ವರ್ಷಗಳದ್ದು ಶೇ 11ರಷ್ಟು. ಬರೀ ಕೋಟಿಗಳನ್ನು ನೋಡಿದವರಿಗೆ ಈ ವ್ಯತ್ಯಾಸ ಕಾಣದು. ಈ ದರಗಳು ತಾವಾಗಿಯೇ ಯಾರ ಮೇಲೂ ಆರೋಪವಾಗುವುದಿಲ್ಲ. ಬೆಂಗಳೂರಿನ ಸುತ್ತಲಿನ ಜಮೀನು ಕೈಯಲ್ಲಿದ್ದವರ ಲೆಕ್ಕ ಅವರೇನೂ ಮಾಡದೆಯೂ ಏರುತ್ತದೆ. ಬೆಲೆಯ ಬಗ್ಗೆ ಅನುಮಾನವಿದ್ದರೆ ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಸರ್ಕಾರ ನಿಗದಿಪಡಿಸಿದ ಮಾರ್ಗಸೂಚಿ ದರವನ್ನೂ, ಕಂದಾಯ ಇಲಾಖೆಯ ಭೂಮಿ ತಾಣದಲ್ಲಿ ಸರ್ವೆ ನಂಬರ್ ಹಾಕಿ ಪಹಣಿಯನ್ನೂ ನೋಡಬಹುದು. ಅಭ್ಯರ್ಥಿಗಳು ಮಾರ್ಗಸೂಚಿ ದರವನ್ನೇ ಮಾರುಕಟ್ಟೆ ಬೆಲೆಯೆಂದು ಬರೆದಿರಬಹುದು ಎಂಬುದು ನೆನಪಿರಲಿ. ಆಗ ನಿಜವಾದ ಬೆಲೆ ಅದಕ್ಕಿಂತ ಮೇಲೆಯೇ ಇರುವುದು ಸಾಮಾನ್ಯ.

ಕಾಗದದಲ್ಲಿ ಇಲ್ಲದ್ದನ್ನು ಓದುವುದೂ ಒಂದು ಕೆಲಸ. ಪ್ರಮಾಣಪತ್ರ ಕೇಳುವುದು ಅಭ್ಯರ್ಥಿ, ಸಂಗಾತಿ, ಹಿಂದೂ ಅವಿಭಕ್ತ ಕುಟುಂಬ ಮತ್ತು ಅವಲಂಬಿತರ ಆಸ್ತಿಯನ್ನು ಮಾತ್ರ. ಸ್ವಂತ ಆದಾಯವಿರುವ ಮಗ, ಮದುವೆಯಾದ ಮಗಳು, ಅಳಿಯ, ತಮ್ಮ ಇವರಾರೂ ಇದರೊಳಗೆ ಬರುವುದಿಲ್ಲ. ಟ್ರಸ್ಟ್ ಹೆಸರಿನಲ್ಲಿರುವ ವೈದ್ಯಕೀಯ ಅಥವಾ ಎಂಜಿನಿಯರಿಂಗ್ ಕಾಲೇಜು ಕಾನೂನಿನ ಪ್ರಕಾರ ಅಧ್ಯಕ್ಷರ ಸ್ವಂತ ಆಸ್ತಿಯಲ್ಲವಾದ್ದರಿಂದ, ಊರಿನ ಅರ್ಧ ಜನರಿಗೆ ಕೆಲಸ ಕೊಟ್ಟಿರುವ ಸಂಸ್ಥೆಯೇ ಅಭ್ಯರ್ಥಿಯ ಆಸ್ತಿ ಪಟ್ಟಿಯಲ್ಲಿ ಒಂದು ಸಾಲೂ ಆಗದಿರಬಹುದು. ಆದ್ದರಿಂದ ಷೇರುಗಳ ಕಲಂನಲ್ಲಿ ಕಾಣುವ ಖಾಸಗಿ ಕಂಪನಿಗಳ ಹೆಸರನ್ನೂ, ಸಾಲ ಕೊಟ್ಟವರು ಮತ್ತು ಪಡೆದವರ ಹೆಸರನ್ನೂ ಬರೆದಿಟ್ಟುಕೊಂಡು ಕಂಪನಿ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಅವುಗಳ ನಿರ್ದೇಶಕರು ಯಾರೆಂದು ನೋಡಿ. ರಾಜಕಾರಣಿ ತಮ್ಮದೇ ಕಂಪನಿಗೆ ದೊಡ್ಡ ಮೊತ್ತದ ಕೈಸಾಲ ಕೊಟ್ಟಿದ್ದರೆ ಅವರ ನಿಜವಾದ ಉದ್ಯಮ ಯಾವುದೆಂದು ವೃತ್ತಿಯ ಕಲಂಗಿಂತ ಆ ಸಾಲೇ ಸ್ಪಷ್ಟವಾಗಿ ಹೇಳುತ್ತದೆ. ಸರ್ಕಾರದ ಜೊತೆಗಿನ ಗುತ್ತಿಗೆಗಳ ಕಲಂ ಸಾಮಾನ್ಯವಾಗಿ ‘ಇಲ್ಲ’ ಎಂಬ ಪದದಿಂದ ತುಂಬಿರುತ್ತದೆ. ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಕಲಂ ಪ್ರಕಾರ ಸರ್ಕಾರದೊಂದಿಗೆ ಚಾಲ್ತಿಯಲ್ಲಿರುವ ಗುತ್ತಿಗೆ ಇದ್ದವರು ಅನರ್ಹರಾಗುವುದರಿಂದ ಅಲ್ಲಿ ಬೇರೆ ಉತ್ತರವನ್ನು ನಿರೀಕ್ಷಿಸುವುದೂ ಕಷ್ಟ.

ಈಗ ಎದುರಾಳಿಯ ಕಾಗದವನ್ನು ಪಕ್ಕಕ್ಕೆ ಎಳೆದುಕೊಳ್ಳಿ. ‘ಆ ಪಕ್ಷ ವ್ಯಾಪಾರಸ್ಥರದ್ದು, ಈ ಪಕ್ಷ ಬಡವರದ್ದು’ ಎಂಬ ನಂಬಿಕೆಯೊಂದಿಗೆ ಕುಳಿತವರಿಗೆ ಇಲ್ಲಿ ನಿರಾಸೆ ಕಾದಿದೆ. 2023ರಲ್ಲಿ ಗೆದ್ದ ಶಾಸಕರ ಪೈಕಿ ಎಡಿಆರ್ ಪರಿಶೀಲಿಸಿದ 223 ಮಂದಿಯಲ್ಲಿ 217 ಮಂದಿ ಕೋಟ್ಯಧಿಪತಿಗಳು. ಕಾಂಗ್ರೆಸ್, ಬಿಜೆಪಿ, ಜೆಡಿಎಸ್ ಮೂರರಲ್ಲೂ ಪ್ರಮಾಣ ಶೇ 90ಕ್ಕಿಂತ ಮೇಲಿತ್ತು. ಇಷ್ಟು ಸಮನಾದ ಅಂಕಿಯಿಂದ ಪಕ್ಷಗಳನ್ನು ಬೇರ್ಪಡಿಸಲಾಗದು. ಬೇರ್ಪಡಿಸಬೇಕಾದದ್ದು ಉದ್ಯಮಗಳನ್ನು. ಬೆಳಗಾವಿಯ ಜಾರಕಿಹೊಳಿ ಸಹೋದರರಲ್ಲಿ ಸತೀಶ್ ಕಾಂಗ್ರೆಸ್‌ನಲ್ಲಿದ್ದಾರೆ, ಬಾಲಚಂದ್ರ ಬಿಜೆಪಿಯಲ್ಲಿದ್ದಾರೆ, ರಮೇಶ್ 2019ರಲ್ಲಿ ಕಾಂಗ್ರೆಸ್ ಬಿಟ್ಟು ಬಿಜೆಪಿ ಸೇರಿದರು. ಆದರೆ ಸಕ್ಕರೆ ಉದ್ಯಮದ ಜೊತೆಗಿನ ಕುಟುಂಬದ ನಂಟು ಪಕ್ಷದ ಗೆರೆ ನೋಡಿ ನಿಂತಿಲ್ಲ. ಸಕ್ಕರೆಗೆ ರಾಜಕಾರಣ ಏಕೆ ಬೇಕು ಎಂದು ಕೇಳಿಕೊಂಡರೆ ಉತ್ತರ ಹೊಳೆಯುತ್ತದೆ: ಕಬ್ಬಿಗೆ ಕೊಡಬೇಕಾದ ಕನಿಷ್ಠ ದರ (ಎಫ್‌ಆರ್‌ಪಿ) ಕೇಂದ್ರದ್ದು, ಎಥೆನಾಲ್ ಖರೀದಿ ದರ ಕೇಂದ್ರದ್ದು, ಕಾರ್ಖಾನೆಯಲ್ಲೇ ತಯಾರಾಗುವ ಸಹವಿದ್ಯುತ್ ಕೊಳ್ಳುವವು ರಾಜ್ಯದ ವಿದ್ಯುತ್ ವಿತರಣಾ ಕಂಪನಿಗಳಾದ ಎಸ್ಕಾಂಗಳು, ಸಾಲ ಕೊಡುವ ಜಿಲ್ಲಾ ಸಹಕಾರಿ (ಡಿಸಿಸಿ) ಬ್ಯಾಂಕಿನ ಆಡಳಿತ ಮಂಡಳಿಗೂ ಚುನಾವಣೆ. ಇಷ್ಟು ಕಡೆ ಸರ್ಕಾರದ ಬೆರಳಿರುವ ಉದ್ಯಮದವರು ಆಡಳಿತದಿಂದ ದೂರ ಉಳಿಯುವುದೇ ವಿಚಿತ್ರ.

ಆದ್ದರಿಂದ ಹಾಳೆಯೊಂದರಲ್ಲಿ ಅಭ್ಯರ್ಥಿಯ ಪ್ರತಿ ಉದ್ಯಮದ ಎದುರು, ಅದಕ್ಕೆ ಯಾವ ಇಲಾಖೆಯ ಸಹಿ ಬೇಕು ಎಂದು ಬರೆಯಿರಿ. ಬಡಾವಣೆಯಾದರೆ ಭೂ ಪರಿವರ್ತನೆ ಮಾಡುವ ಜಿಲ್ಲಾಧಿಕಾರಿ ಮತ್ತು ನಕ್ಷೆ ಮಂಜೂರು ಮಾಡುವ ಯೋಜನಾ ಪ್ರಾಧಿಕಾರ. ಕಲ್ಲುಗಣಿಯಾದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆ. ಬಾರ್ ಆದರೆ ಅಬಕಾರಿ. ಕಾಲೇಜಾದರೆ ಶುಲ್ಕ ಮತ್ತು ಸೀಟು ನಿಗದಿಪಡಿಸುವವರು. ಗೆದ್ದ ನಂತರ ಆ ಅಭ್ಯರ್ಥಿ ಯಾವ ಖಾತೆಗೆ, ಯಾವ ನಿಗಮಕ್ಕೆ ಬೇಡಿಕೆ ಇಡುತ್ತಾರೆ ಎಂಬುದನ್ನು ಈ ಹಾಳೆಯ ಜೊತೆ ಹೋಲಿಸಿ. ರಾಜಕಾರಣಿಯ ಒಲವು ಎಂದು ನಾವು ಕರೆಯುವುದು ಎಷ್ಟೋ ಸಲ ಈ ಸಹಿಯ ದಿಕ್ಕು ಎಂಬುದು ನನ್ನ ಅನಿಸಿಕೆ. ನಿಮ್ಮ ಕ್ಷೇತ್ರದ ಹಾಳೆ ಬೇರೆಯದನ್ನೇ ಹೇಳಿದರೆ ಅದನ್ನೇ ನಂಬಿ.

ಪಕ್ಷಕ್ಕೆ ಬರುವ ದೇಣಿಗೆಯಲ್ಲೂ ಇದೇ ಚಿತ್ರ ಕಾಣುತ್ತದೆ. ಚುನಾವಣಾ ಬಾಂಡ್‌ಗಳನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು (ಹೆಸರು ಬಹಿರಂಗವಾಗದಂತೆ ಪಕ್ಷಗಳಿಗೆ ದೇಣಿಗೆ ಕೊಡಲು ಇದ್ದ ವ್ಯವಸ್ಥೆ) ರದ್ದುಪಡಿಸಿದ ನಂತರ ಪ್ರಕಟವಾದ ದೇಣಿಗೆದಾರರ ಪಟ್ಟಿಯಲ್ಲಿ 1,368 ಕೋಟಿ ರೂಪಾಯಿಯೊಂದಿಗೆ ಮೊದಲ ಸ್ಥಾನದಲ್ಲಿದ್ದ ಲಾಟರಿ ಕಂಪನಿ ಫ್ಯೂಚರ್ ಗೇಮಿಂಗ್, ತೃಣಮೂಲ ಕಾಂಗ್ರೆಸ್, ಡಿಎಂಕೆ, ವೈಎಸ್‌ಆರ್ ಕಾಂಗ್ರೆಸ್, ಬಿಜೆಪಿ, ಕಾಂಗ್ರೆಸ್ ಎಲ್ಲಕ್ಕೂ ಹಣ ಕೊಟ್ಟಿತ್ತು. ಈಗಲೂ 20,000 ರೂಪಾಯಿ ಮೀರಿದ ದೇಣಿಗೆಗಳ ಪಟ್ಟಿಯನ್ನು ಪಕ್ಷಗಳು ಆಯೋಗಕ್ಕೆ ಕೊಡಬೇಕು. ಅಭ್ಯರ್ಥಿಯ ಕಂಪನಿಗಳ ಹೆಸರನ್ನು ಆ ಪಟ್ಟಿಯಲ್ಲೂ ಒಮ್ಮೆ ಹುಡುಕಿ.

ಈ ಓದಿನಿಂದ ಮತದಾರರ ಒಲವನ್ನು ಊಹಿಸಲು ಹೋಗಬಾರದು. ಎಂ.ಟಿ.ಬಿ. ನಾಗರಾಜ್ ಅವರು ಹೊಸಕೋಟೆಯಲ್ಲಿ 2018ರಲ್ಲಿ ಕಾಂಗ್ರೆಸ್‌ನಿಂದ ಗೆದ್ದರು. ಆಗಲೇ ಅವರು ಘೋಷಿಸಿದ ಆಸ್ತಿ ಸಾವಿರ ಕೋಟಿ ದಾಟಿತ್ತು. ಬಿಜೆಪಿ ಸೇರಿ 2019ರ ಉಪಚುನಾವಣೆಯಲ್ಲೂ, ಆಸ್ತಿ 1,600 ಕೋಟಿ ದಾಟಿದ್ದ 2023ರಲ್ಲೂ ಅದೇ ಕ್ಷೇತ್ರದಲ್ಲಿ ಸೋತರು. ಹಣ ಟಿಕೆಟ್ ತಂದುಕೊಡುವಷ್ಟು ಸುಲಭವಾಗಿ ಮತ ತಂದುಕೊಡುವುದಿಲ್ಲ.

ಓದುವಾಗ ತಪ್ಪು ಕಂಡರೆ ಏನು ಮಾಡಬೇಕು? ಪ್ರತಿ ಸಣ್ಣ ಬಿಟ್ಟುಹೋದ ವಸ್ತುವೂ ಅಪರಾಧವಲ್ಲ; ಗಣನೀಯ ಬೆಲೆಯದ್ದಲ್ಲದ ಚರಾಸ್ತಿಯನ್ನೆಲ್ಲ ಅಭ್ಯರ್ಥಿ ಪಟ್ಟಿ ಮಾಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಹೇಳಿದೆ. ದೊಡ್ಡದನ್ನೇ ಮುಚ್ಚಿಟ್ಟಿದ್ದರೆ ವಿಷಯ ಬೇರೆ. ನಾಮಪತ್ರ ಪರಿಶೀಲನೆಯ ಹಂತದಲ್ಲಿ ಚುನಾವಣಾಧಿಕಾರಿ ಕಲಂಗಳು ಖಾಲಿ ಇವೆಯೇ ಎಂದು ನೋಡುತ್ತಾರೆಯೇ ಹೊರತು ಬರೆದದ್ದು ನಿಜವೇ ಎಂದು ತನಿಖೆ ಮಾಡುವುದಿಲ್ಲ. ಆದರೆ ಅಭ್ಯರ್ಥಿ ಬರೆದದ್ದನ್ನು ಅಲ್ಲಗಳೆದು ನೀವು ಪ್ರತಿ-ಪ್ರಮಾಣಪತ್ರ ಸಲ್ಲಿಸಿದರೆ ಅದನ್ನೂ ಸಾರ್ವಜನಿಕವಾಗಿ ಪ್ರಕಟಿಸಬೇಕು. ಸುಳ್ಳು ಮಾಹಿತಿಗೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಕಲಂ ಆರು ತಿಂಗಳವರೆಗಿನ ಸೆರೆವಾಸ ಅಥವಾ ದಂಡ ಇಲ್ಲವೇ ಎರಡನ್ನೂ ವಿಧಿಸುತ್ತದೆ. ಫಲಿತಾಂಶದ ನಂತರ ಆ ಕ್ಷೇತ್ರದ ಯಾವ ಮತದಾರನಾದರೂ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬಹುದು. ಹಾಸನದಿಂದ 2019ರಲ್ಲಿ ಗೆದ್ದಿದ್ದ ಪ್ರಜ್ವಲ್ ರೇವಣ್ಣ ಅವರ ಆಯ್ಕೆಯನ್ನು ಕರ್ನಾಟಕ ಹೈಕೋರ್ಟ್ 2023ರ ಸೆಪ್ಟೆಂಬರ್ 1ರಂದು ಅಸಿಂಧುಗೊಳಿಸಿದ್ದು ಆಸ್ತಿ ಮುಚ್ಚಿಟ್ಟದ್ದೂ ಸೇರಿದ ಕಾರಣಗಳಿಗಾಗಿ, ಮತ್ತು ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಅರ್ಜಿಗಿರುವ ಅವಧಿ ಆಯ್ಕೆ ಘೋಷಣೆಯಾದ ದಿನದಿಂದ 45 ದಿನ. ಆದ್ದರಿಂದ ಹಳೆಯದೂ ಹೊಸದೂ ಸೇರಿ ಎಲ್ಲ ಪ್ರಮಾಣಪತ್ರಗಳ ಪ್ರತಿಯನ್ನು ಮತದಾನಕ್ಕೆ ಮೊದಲೇ ಇಳಿಸಿ, ದಿನಾಂಕ ಹಾಕಿ ಇಟ್ಟುಕೊಳ್ಳಿ.