ಇಳಿಯುವ ಹಿನ್ನೀರನ್ನು ಒಂದೇ ಹಲಗೆಯಲ್ಲಿ ಕೆತ್ತುವ ಕ್ರಮ

ಶರಾವತಿಗೆ ಅಡ್ಡಲಾಗಿ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1,819 ಅಡಿ. ಮಳೆಗಾಲದಲ್ಲಿ ಏರುವ ಇದರ ಹಿನ್ನೀರು ಬೇಸಿಗೆಯುದ್ದಕ್ಕೂ ಇಳಿಯುತ್ತ, ದಡದ ಕೆಮ್ಮಣ್ಣಿನ ಪಟ್ಟಿಗಳನ್ನೂ, ಮುಳುಗಿದ ಕಾಡಿನ ಮರದ ಬೊಡ್ಡೆಗಳನ್ನೂ, ನೀರು ತೀರ ಕಡಿಮೆಯಾದ ವರ್ಷಗಳಲ್ಲಿ ಹಳೆಯ ಹಿರೇಭಾಸ್ಕರ ಅಣೆಕಟ್ಟನ್ನೂ ಹೊರಗೆ ತೋರಿಸುತ್ತದೆ. ಹಲಗೆ ಕೆತ್ತಿ, ಉಳಿದ ಉಬ್ಬಿಗೆ ಶಾಯಿ ಹಚ್ಚಿ ಕಾಗದಕ್ಕೆ ಒತ್ತುವ ಅಚ್ಚುಚಿತ್ರ ಕಲಾವಿದರು ರೆಸಿಡೆನ್ಸಿಗೆಂದು, ಅಂದರೆ ಕೆಲಕಾಲ ಒಂದೆಡೆ ತಂಗಿ ಕೆಲಸ ಮಾಡಲೆಂದು, ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದ ಸುತ್ತಮುತ್ತ ಉಳಿಯುವುದಾದರೆ ಮಾರ್ಚ್‌ನಿಂದ ಮೇವರೆಗಿನ ಅವಧಿಯೇ ಸೂಕ್ತ. ಆಗ ನೋಟ ಬದಲಾಗುತ್ತಿರುತ್ತದೆ. ಜೊತೆಗೆ ಗಾಳಿಯಲ್ಲಿ ತೇವ ಕಡಿಮೆಯಿರುವುದರಿಂದ ಕಾಗದ ಹಿಗ್ಗುವುದಿಲ್ಲ, ಶಾಯಿಯೂ ಬೇಗ ಒಣಗುತ್ತದೆ.

ಈ ನೋಟಕ್ಕೆ ರಿಡಕ್ಷನ್ ವಿಧಾನದಷ್ಟು ಹೊಂದುವ ವಿಧಾನ ಇನ್ನೊಂದಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ಇದರಲ್ಲಿ ಒಂದೇ ಹಲಗೆಯಿಂದ ಮೊದಲು ಅತ್ಯಂತ ತಿಳಿಯಾದ ಬಣ್ಣವನ್ನು ಎಲ್ಲ ಹಾಳೆಗಳ ಮೇಲೂ ಮುದ್ರಿಸಿ, ಆ ಬಣ್ಣ ಉಳಿಯಬೇಕಾದ ಜಾಗವನ್ನು ಕೆತ್ತಿ ತೆಗೆದು, ಅದೇ ಹಾಳೆಗಳ ಮೇಲೆ ಮುಂದಿನ ಗಾಢ ಬಣ್ಣವನ್ನು ಒತ್ತಲಾಗುತ್ತದೆ. ನೀರು ಹಿಂದೆ ಸರಿದಂತೆ ನೆಲ ಕಾಣುವ ಹಾಗೆ, ಇಲ್ಲಿ ಮರ ಹಿಂದೆ ಸರಿದಲ್ಲೆಲ್ಲ ಹಿಂದಿನ ಬಣ್ಣ ಉಳಿದುಕೊಳ್ಳುತ್ತದೆ.

ಉಳಿ ಹಿಡಿಯುವ ಮುನ್ನ ದಡದ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಕುಳಿತು, ಕೆಲವು ದಿನಗಳಿಗೊಮ್ಮೆ ನೀರಿನ ಅಂಚನ್ನು ಒಂದೇ ಹಾಳೆಯ ಮೇಲೆ ಗುರುತಿಸುತ್ತ ಹೋಗಬೇಕು. ನೀರು ಈಗಷ್ಟೇ ಬಿಟ್ಟ ಪಟ್ಟಿ ಒದ್ದೆಯಾಗಿ ಗಾಢವಾಗಿರುತ್ತದೆ, ಮೇಲಿನವು ಒಣಗಿ ಬಿಳಿಚಿಕೊಂಡಿರುತ್ತವೆ. ಮುದ್ರಣದ ಕ್ರಮವನ್ನು ಇದೇ ನಿರ್ಧರಿಸುತ್ತದೆ. ಆ ಪಟ್ಟಿಗಳು ಒಂದು ಕಾಲದಲ್ಲಿ, ಮುಳುಗುವ ಮುನ್ನ, ಊರಿನ ಗದ್ದೆ, ಅಂಗಳಗಳಾಗಿದ್ದವು. ಹಿರಿಯರನ್ನು ಕೇಳಿ ಅವುಗಳ ಜಾಗವನ್ನು ತಿಳಿದುಕೊಳ್ಳದೆ ಬರೀ ಬಣ್ಣದ ಚಂದಕ್ಕಾಗಿ ಕೆತ್ತುವುದು ಈ ನೆಲಕ್ಕೆ ನ್ಯಾಯವಲ್ಲ.

ಹಲಗೆಗೆ ನಯವಾದ ಪ್ಲೈವುಡ್ ಸಾಕು. ಅದರ ಎಳೆಗಳು ನೀರಿನ ಗೆರೆಗಳಿಗೆ ಸಮಾನಾಂತರವಾಗಿ ಅಡ್ಡಕ್ಕೆ ಇರಲಿ. ಮುದ್ರಣದಲ್ಲಿ ಚಿತ್ರ ಎಡಬಲ ಅದಲುಬದಲಾಗುವುದರಿಂದ ರೇಖಾಚಿತ್ರವನ್ನು ಟ್ರೇಸಿಂಗ್ ಕಾಗದಕ್ಕೆ ಇಳಿಸಿ, ಮಗುಚಿ, ಹಲಗೆಗೆ ವರ್ಗಾಯಿಸಬೇಕು. ಪ್ರತಿ ಸಲವೂ ಕಾಗದ ಅದೇ ಜಾಗದಲ್ಲಿ ಕೂರಲು ಹಲಗೆಯನ್ನು ಒಂದು ಚೌಕಟ್ಟಿನಲ್ಲಿ ಕದಲದಂತೆ ಕೂರಿಸಿ, ಕಾಗದದ ಮೂಲೆಗೂ ಒಂದು ಬದಿಗೂ ತಡೆಪಟ್ಟಿಗಳನ್ನು ಅಂಟಿಸಬೇಕು.

ಮೊದಲ ಬಣ್ಣ ಆಕಾಶಕ್ಕೂ ನೀರಿಗೂ ಸಲ್ಲುವ ಮಸುಕು ಬೂದು. ಅದನ್ನು ಬೇಕಾದ ಪ್ರತಿಗಳಿಗಿಂತ ಹೆಚ್ಚು ಹಾಳೆಗಳ ಮೇಲೆ ಒತ್ತಿಟ್ಟುಕೊಳ್ಳಬೇಕು, ಏಕೆಂದರೆ ಹಲಗೆಯನ್ನು ಕೆತ್ತಿದ ಮೇಲೆ ಕೆಟ್ಟುಹೋದ ಹಾಳೆಗೆ ಬದಲಿ ಸಿಗುವುದಿಲ್ಲ. ಆಮೇಲೆ ಒಣಮಣ್ಣು, ಕೆಮ್ಮಣ್ಣು, ಒದ್ದೆ ಅಂಚು, ಕೊನೆಗೆ ಬೊಡ್ಡೆಗಳು ಮತ್ತು ಎದುರು ದಡದ ಕಾಡು. ಪಟ್ಟಿಗಳ ಅಂಚಿಗೆ ಮೊದಲು ಚೂರಿಯಿಂದ ಗೀರಿ, ಅಗಲ ಜಾಗವನ್ನು ಬಾಗಿದ ಅಲಗಿನ ಉಳಿಯಿಂದ ತೆಗೆಯಬಹುದು. ತೆಳುವಾದ ಬೊಡ್ಡೆಗಳನ್ನು ಮಾತ್ರ ಆರಂಭದಿಂದಲೂ ಮುಟ್ಟದೆ ಕಾಯ್ದಿಡಬೇಕು. ಶಾಯಿಯನ್ನು ರೋಲರ್‌ನಿಂದ ತೆಳ್ಳಗೆ ಹಚ್ಚಿ, ಕಾಗದದ ಬೆನ್ನನ್ನು ಚಮಚದ ಉಬ್ಬಿನಿಂದ ಸಮನಾಗಿ ಉಜ್ಜಬೇಕು. ದಪ್ಪವಾಗಿ ಹಚ್ಚಿದರೆ ನಾಲ್ಕನೆಯ ಬಣ್ಣದ ಹೊತ್ತಿಗೆ ಮೇಲ್ಮೈ ಅಂಟಂಟಾಗಿ ಹೊಸ ಶಾಯಿಯನ್ನು ಹಿಡಿಯುವುದಿಲ್ಲ. ಎಣ್ಣೆ ಶಾಯಿಯಾದರೆ ಎರಡು ಬಣ್ಣಗಳ ನಡುವೆ ಒಂದೆರಡು ದಿನ ಬಿಡುವುದು ಕ್ಷೇಮ.

ಕೊನೆಯ ಬಣ್ಣದ ಕೆಲಸ ಮೇ ಮುಗಿಯುವುದರೊಳಗೆ ಆಗಬೇಕು. ಮಲೆನಾಡಿನ ಮಳೆ ಹಿಡಿದರೆ ಹಾಳೆ ಹಿಗ್ಗಿ ಬಣ್ಣಗಳ ಹೊಂದಿಕೆ ತಪ್ಪುತ್ತದೆ. ಪೂರ್ತಿ ಒಣಗದ ಪ್ರತಿಗಳನ್ನು ಒಂದರ ಮೇಲೊಂದು ಇಟ್ಟರೆ ಅಂಟಿಕೊಳ್ಳುತ್ತವೆ.