ಎಲ್ಲ ಫೋನ್‌ಗಳಿಗೂ ಒಂದೇ ಚಾರ್ಜರ್: ನನ್ನ ಅನುಭವ

ನನ್ನ ದುರಸ್ತಿ ಮೇಜಿಗೆ ಬರುವ ಫೋನ್ ಯಾವ ಕಂಪನಿಯದೇ ಆಗಿರಲಿ, ಈಗ ಅದಕ್ಕೆ ಸಿಕ್ಕಿಸುವುದು 65 ವಾಟಿನ ಒಂದೇ ಟೈಪ್-ಸಿ ಚಾರ್ಜರ್. ಪಕ್ಕದಲ್ಲಿ 5 ವೋಲ್ಟ್, 2 ಆಂಪಿಯರಿನ ಹಳೆಯದೊಂದಿದೆ. ಅದನ್ನೇಕೆ ಉಳಿಸಿಕೊಂಡಿದ್ದೇನೆ ಎಂಬುದನ್ನು ಮುಂದೆ ಹೇಳುತ್ತೇನೆ. ಹಿಂದೆ ಡ್ರಾಯರ್ ತುಂಬ ಚಾರ್ಜರ್‌ಗಳಿದ್ದವು, ಒಂದೊಂದಕ್ಕೂ ಕಂಪನಿಯ ಹೆಸರಿನ ಚೀಟಿ ಅಂಟಿಸಿದ್ದೆ. ಅವನ್ನೆಲ್ಲ ತೆಗೆದುಹಾಕುತ್ತೇನೆ ಎಂದಾಗ ಇದೇ ಕೆಲಸದಲ್ಲಿರುವ ಹಿರಿಯರೊಬ್ಬರು, "ಒಂದು ದಿನ ಯಾರದಾದರೂ ಫೋನ್ ಸುಟ್ಟು ದಂಡ ಕಟ್ಟುತ್ತೀಯ, ನೋಡುತ್ತಿರು" ಎಂದಿದ್ದರು. ಅಂಥ ಪ್ರಸಂಗ ಇದುವರೆಗೆ ಬಂದಿಲ್ಲ. ಈಗ ಅವರೇ ತಮ್ಮ ಅನುಮಾನದ ಚಾರ್ಜರ್‌ಗಳನ್ನು ಪರೀಕ್ಷೆಗೆಂದು ನನ್ನ ಬಳಿಗೆ ಕಳುಹಿಸುತ್ತಾರೆ.

ಬ್ಯಾಟರಿಯನ್ನು ತುಂಬಿಸುವುದು ಫೋನಿನೊಳಗಿನ ಐಸಿ ಎಂಬ ಚಿಪ್, ಹೊರಗಿನ ಚಾರ್ಜರ್ ಡಬ್ಬಿ ಬರೀ ವಿದ್ಯುತ್ ಪೂರೈಸುತ್ತದೆ ಎಂಬುದನ್ನು ಕೆಲಸ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2 ಆಂಪಿಯರ್ ಎಂದು ಬರೆದಿದ್ದರೆ ಅಷ್ಟನ್ನೂ ಫೋನಿನೊಳಕ್ಕೆ ತಳ್ಳುತ್ತದೆ ಎಂದು ನಂಬಿದ ಗ್ರಾಹಕರಿಗೆ ಮಾತ್ರ ಇದನ್ನು ದಿನವೂ ಹೇಳಬೇಕಾಗುತ್ತದೆ. ಅವರ ಭಯ ಹುಟ್ಟಿದ ಕಾಲದಲ್ಲಿ ಅದಕ್ಕೆ ಕಾರಣವಿತ್ತು. ನೋಕಿಯಾದ ದಪ್ಪ ಪಿನ್ನಿನ ಚಾರ್ಜರ್‌ಗಳನ್ನೇ ನೋಡಿ. ಒಂದರ ಮೇಲೆ 3.7 ವೋಲ್ಟ್, ಇನ್ನೊಂದರ ಮೇಲೆ 5.7 ವೋಲ್ಟ್ ಎಂದಿರುತ್ತಿತ್ತು, ಪಿನ್ ಮಾತ್ರ ಒಂದೇ. ಅಂಥದೇ ಅಳತೆಯ ಪಿನ್ ಇರುವ ಬೇರೆ ಉಪಕರಣದ ಅಡಾಪ್ಟರ್ 9 ವೋಲ್ಟ್ ಕೊಡುವುದೂ ಇತ್ತು, ಪ್ಲಸ್ ಮೈನಸ್ ತಿರುಗಿರುವುದೂ ಇತ್ತು. 2009ರಲ್ಲಿ ಯುರೋಪಿನಲ್ಲಿ ಫೋನ್ ತಯಾರಕರು ಮೈಕ್ರೊ ಯುಎಸ್‌ಬಿಗೆ ಒಪ್ಪಿಕೊಂಡ ಮೇಲೆ ಆ ಗೊಂದಲ ಕಡಿಮೆಯಾಗುತ್ತಾ ಬಂತು. ಭಯ ಮಾತ್ರ ಹಾಗೇ ಉಳಿಯಿತು.

ಒಂದೇ ಚಾರ್ಜರಿನ ಪ್ರಯೋಗಕ್ಕೆ ನಾನು ಮೊದಲು ಕೈ ಹಾಕಿದ್ದು ಆ ಮೈಕ್ರೊ ಯುಎಸ್‌ಬಿ ಕಾಲದಲ್ಲೇ. ಆಗ ಎದುರಾದದ್ದು ಸುಡುವ ಸಮಸ್ಯೆಯಲ್ಲ, ತುಂಬದಿರುವ ಸಮಸ್ಯೆ. ಆಂಡ್ರಾಯ್ಡ್ ಫೋನಿನ ಚಾರ್ಜರ್‌ನಲ್ಲಿ ಡಿ ಪ್ಲಸ್ ಮತ್ತು ಡಿ ಮೈನಸ್ ಎಂಬ ಡೇಟಾ ತಂತಿಗಳು ಒಂದಕ್ಕೊಂದು ಕೂಡಿರುತ್ತವೆ. ಅದನ್ನು ಕಂಡರೆ ಫೋನ್ ಧೈರ್ಯವಾಗಿ 1.5 ಆಂಪಿಯರ್‌ವರೆಗೆ ಎಳೆಯುತ್ತದೆ. ಐಫೋನ್ ಹುಡುಕುವುದು ಬೇರೆಯದನ್ನು: ಒಂದು ತಂತಿಯಲ್ಲಿ 2 ವೋಲ್ಟ್, ಇನ್ನೊಂದರಲ್ಲಿ 2.7 ವೋಲ್ಟ್. ಆಪಲ್ ಚಾರ್ಜರ್‌ಗೆ ಆಗಿನ ಕೆಲವು ಆಂಡ್ರಾಯ್ಡ್ ಫೋನ್‌ಗಳನ್ನು ಸಿಕ್ಕಿಸಿದರೆ, ಕಂಪ್ಯೂಟರಿಗೆ ಸಿಕ್ಕಿಸಿದಂತೆ ಅರ್ಧ ಆಂಪಿಯರಿಗೆ ನಿಂತುಬಿಡುತ್ತಿದ್ದವು. "ಬೇರೆ ಚಾರ್ಜರ್ ಹಾಕಿದ್ದಕ್ಕೆ ಬ್ಯಾಟರಿ ಕೆಟ್ಟಿದೆ" ಎಂದು ಬಂದ ಫೋನ್‌ಗಳಲ್ಲಿ ಬಹುಪಾಲು ಇದೇ ಕಥೆ. ನನ್ನ ಕುತೂಹಲಕ್ಕೆ ಒಂದು ಹಳೆಯ 5 ವೋಲ್ಟಿನ ಅಡಾಪ್ಟರಿನಲ್ಲಿ, ಐಫೋನ್ ಹುಡುಕುವ ಆ ವೋಲ್ಟ್‌ಗಳು ಬರುವಂತೆ ಮೇಲೆ 75 ಮತ್ತು 43 ಕಿಲೋಓಮ್, ಕೆಳಗೆ ಐವತ್ತರ ಹತ್ತಿರದವೆರಡು ರೆಸಿಸ್ಟರ್ ಬೆಸೆದು, ಡಿ ತಂತಿಗಳಿಗೆ ಒಂದು ಸ್ವಿಚ್ ಇಟ್ಟೆ. ಈ ಕಡೆ ಒತ್ತಿದರೆ ಐಫೋನ್, ಆ ಕಡೆ ಒತ್ತಿದರೆ ಆಂಡ್ರಾಯ್ಡ್. ನಾಲ್ಕು ಚಿಲ್ಲರೆ ಬಿಡಿಭಾಗಗಳ ಖರ್ಚಿನಲ್ಲಿ ಎರಡು ಚಾರ್ಜರ್‌ಗಳ ಕೆಲಸ ಆಗುತ್ತಿತ್ತು. ಟೈಪ್-ಸಿ ಬಂದ ಮೇಲೆ ಅದಕ್ಕೆ ಕೆಲಸ ಕಡಿಮೆಯಾಯಿತು, ಆದರೂ ಅದನ್ನು ಎಸೆಯಲು ಮನಸ್ಸಿಲ್ಲ.

ಹಣ ನಿಜವಾಗಿ ಹೋದದ್ದು ಅಗ್ಗದ ಚಾರ್ಜರ್‌ಗಳಲ್ಲಿ. ಒಂದು ಮೂಲ ಚಾರ್ಜರಿನ ಬೆಲೆಗೆ ಏಳೆಂಟು ಬರುತ್ತವೆಂದು ಒಂದು ಕಟ್ಟು ತರಿಸಿದ್ದೆ. ಅವುಗಳಲ್ಲಿ ಬಳಕೆಗೆ ಯೋಗ್ಯವಾಗಿ ಉಳಿದದ್ದು ಕಾಲುಭಾಗವೂ ಇಲ್ಲ. ಮೇಲೆ 2 ಆಂಪಿಯರ್ ಎಂದು ಅಚ್ಚಾಗಿತ್ತು, ಲೋಡ್ ಕೊಟ್ಟರೆ, ಅಂದರೆ ಅದರಿಂದ ವಿದ್ಯುತ್ ಎಳೆದರೆ, ಒಂದೂಕಾಲು ಆಂಪಿಯರಿಗೇ 4.4 ವೋಲ್ಟಿಗೆ ಕುಸಿಯುತ್ತಿತ್ತು. ಇನ್ನು ಕೆಲವಕ್ಕೆ ಫೋನ್ ಸಿಕ್ಕಿಸಿದರೆ ಪರದೆ ತಾನಾಗಿ ಕುಣಿಯುತ್ತಿತ್ತು, ಬೆರಳಿಟ್ಟ ಕಡೆ ಬಿಟ್ಟು ಬೇರೆಲ್ಲೋ ಒತ್ತಿಕೊಳ್ಳುತ್ತಿತ್ತು. ಅದು ಡಿಸ್‌ಪ್ಲೇ ದೋಷವೆಂದು ಬಗೆದು ಪರದೆ ಬದಲಿಸಿಕೊಂಡು ದುಡ್ಡು ಕಳೆದುಕೊಂಡವರನ್ನು ನೋಡಿದ್ದೇನೆ. ದೋಷವಿದ್ದದ್ದು ಚಾರ್ಜರಿನೊಳಗಿನ ಸ್ವಿಚಿಂಗಿನಿಂದ ಹುಟ್ಟುವ ವಿದ್ಯುತ್ ಗದ್ದಲವನ್ನು ತಡೆಯುವ ಭಾಗಗಳನ್ನೇ ಹಾಕದ ಬೋರ್ಡಿನಲ್ಲಿ. ಪರದೆ ಕುಣಿದರೆ ಮೊದಲು ಚಾರ್ಜರ್ ಕಿತ್ತು ನೋಡಿ, ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿರಿ.

ಆ ಡಬ್ಬಿಗಳನ್ನು ಒಡೆದು ನೋಡಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಯಿತು. ಬೇರೆ ಕಂಪನಿಯ ಚಾರ್ಜರ್ ಅಪಾಯವಲ್ಲ, ಒಳಗೆ ಅಂತರವಿಲ್ಲದ ಚಾರ್ಜರ್ ಅಪಾಯ. ಗೋಡೆಯ ವಿದ್ಯುತ್ ಹರಿಯುವ ಭಾಗಕ್ಕೂ 5 ವೋಲ್ಟಿನ ಭಾಗಕ್ಕೂ ನಡುವೆ ಒಳ್ಳೆಯ ಬೋರ್ಡಿನಲ್ಲಿ ಐದಾರು ಮಿಲಿಮೀಟರ್ ಬರಿ ಜಾಗವಿರುತ್ತದೆ, ಎಷ್ಟೋ ಸಲ ಅಲ್ಲಿ ಬೋರ್ಡನ್ನೇ ಸೀಳಿರುತ್ತಾರೆ. ನಾನು ಒಡೆದವುಗಳಲ್ಲಿ ಕೆಲವಕ್ಕೆ ಒಂದು ಮಿಲಿಮೀಟರೂ ಇರಲಿಲ್ಲ. ಎರಡೂ ಬದಿಯನ್ನು ಜೋಡಿಸುವ, ಕೆಟ್ಟರೂ ಶಾರ್ಟ್ ಆಗದಂತೆ ಮಾಡಿದ ವೈ ಕೆಪಾಸಿಟರ್ ಇರಬೇಕಾದ ಕಡೆ ಸಾಮಾನ್ಯ ಸೆರಾಮಿಕ್ ಕೆಪಾಸಿಟರ್ ಕೂತಿತ್ತು. ಅದು ಶಾರ್ಟ್ ಆದರೆ ಗೋಡೆಯ ವಿದ್ಯುತ್ ನೇರವಾಗಿ ಫೋನ್ ಹಿಡಿದ ಕೈಗೆ ಬರುತ್ತದೆ. ಎರಡು ಪಿನ್ನಿನ ಒಳ್ಳೆಯ ಚಾರ್ಜರಿನಲ್ಲೂ ಲೋಹದ ಫೋನಿನ ಅಂಚು ಮುಟ್ಟಿದರೆ ಸಣ್ಣಗೆ ಜುಮ್ಮೆನ್ನುವುದುಂಟು. ಆ ಸೋರಿಕೆಗೆ ಕಾಲು ಮಿಲಿಆಂಪಿಯರಿನ ಮಿತಿ ಇದೆ, ಅದರೊಳಗಿದ್ದರೆ ಹೆದರಬೇಕಿಲ್ಲ. ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ಹೊಡೆದರೆ ಆ ಡಬ್ಬಿಯನ್ನು ತಂತಿ ಕತ್ತರಿಸಿಯೇ ಎಸೆಯಬೇಕು, ಇನ್ನೊಬ್ಬರ ಕೈಗೆ ಸಿಗಬಾರದು.

ಒಂದು ಚಾರ್ಜರನ್ನು ಒಪ್ಪಿಕೊಳ್ಳುವ ಮೊದಲು ನಾನು ಮಾಡುವುದು ಇಷ್ಟು. ತೂಗಿ ನೋಡುತ್ತೇನೆ, ತೀರಾ ಹಗುರವಾಗಿದ್ದರೆ ಅಲ್ಲಿಗೇ ಮುಗಿಯಿತು. ಯುಎಸ್‌ಬಿ ಮೀಟರ್ ಹಾಕಿ ಲೋಡ್ ಇಲ್ಲದೆ ವೋಲ್ಟ್ ನೋಡುತ್ತೇನೆ. 5ಕ್ಕಿಂತ ತುಸು ಮೇಲಿದ್ದರೆ ಸರಿ, 5.3 ದಾಟಿದರೆ ಪಕ್ಕಕ್ಕೆ. ಆಮೇಲೆ ಡಬ್ಬಿಯ ಮೇಲೆ ಬರೆದ ಪೂರ್ತಿ ಲೋಡನ್ನು ಎಲೆಕ್ಟ್ರಾನಿಕ್ ಲೋಡ್ ಎಂಬ ಪರೀಕ್ಷಾ ಉಪಕರಣದಿಂದ ಗಂಟೆಯ ಮೇಲೆ ಎಳೆಯುತ್ತೇನೆ. ಮುಟ್ಟಿ ಹಿಡಿದುಕೊಳ್ಳಲು ಆಗದಷ್ಟು ಕಾದರೆ, ಅಂಟಿನ ವಾಸನೆ ಬಂದರೆ, ಕೀಚಲು ಸದ್ದು ಏರಿದರೆ ಅದು ಅನುತ್ತೀರ್ಣ. ಲೋಡನ್ನು ಯಾವ ಕ್ರಮದಲ್ಲಿ, ಯಾವ ವೇಗದಲ್ಲಿ ಏರಿಳಿಸಿದರೆ ಬಣ್ಣ ಹಚ್ಚಿದ ಕಳಪೆ ಮಾಲು ಎರಡೇ ನಿಮಿಷದಲ್ಲಿ ಸಿಕ್ಕಿಬೀಳುತ್ತದೆ ಎಂಬುದನ್ನು ನಾನೇ ಕಂಡುಕೊಂಡಿದ್ದೇನೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ.

ಚಾರ್ಜರ್ ಚೆನ್ನಾಗಿದ್ದೂ ಕೇಬಲ್ ಕೈಕೊಟ್ಟದ್ದು ಲೆಕ್ಕವಿಲ್ಲದಷ್ಟು ಸಲ. ತೆಳುವಾದ ಒಂದು ಮೀಟರ್ ಕೇಬಲಿನಲ್ಲಿ 28 ಗೇಜಿನ ತಂತಿ ಇರುತ್ತದೆ. ಹೋಗಿ ಬರುವ ದಾರಿ ಸೇರಿ ಸುಮಾರು 0.4 ಓಮ್. 2 ಆಂಪಿಯರ್ ಹರಿದರೆ ಮುಕ್ಕಾಲು ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಕರಗುತ್ತದೆ. ಫೋನಿಗೆ ನಾಲ್ಕೂಕಾಲು ವೋಲ್ಟ್ ಮುಟ್ಟಿದರೆ ಅದು ತಾನೇ ಎಳೆತವನ್ನು ತಗ್ಗಿಸುತ್ತದೆ. ಬೈಗುಳ ಮಾತ್ರ ಚಾರ್ಜರಿಗೆ. ಅದಕ್ಕಿಂತ ದಪ್ಪದ 24 ಗೇಜಿನದಾದರೆ ನಷ್ಟ ಇದರ ಅರ್ಧಕ್ಕಿಂತ ಕಡಿಮೆ. ಟೈಪ್-ಸಿಯ ಮೊದಲ ದಿನಗಳಲ್ಲಿ ಇನ್ನೊಂದು ಕಾಟವಿತ್ತು. ಹಳೆಯ ಚಪ್ಪಟೆ ಯುಎಸ್‌ಬಿ ತುದಿಯಿಂದ ಟೈಪ್-ಸಿಗೆ ಹೋಗುವ ಕೇಬಲಿನೊಳಗೆ, ಎಷ್ಟು ಎಳೆಯಬಹುದೆಂದು ಫೋನಿಗೆ ತಿಳಿಸುವ 56 ಕಿಲೋಓಮ್ ರೆಸಿಸ್ಟರ್ ಇರಬೇಕು. ಎಷ್ಟೋ ತಯಾರಕರು 10 ಕಿಲೋಓಮ್ ಹಾಕಿ, ಚಾರ್ಜರಿನಲ್ಲಿ ಇಲ್ಲದ 3 ಆಂಪಿಯರ್ ಇದೆಯೆಂದು ಫೋನಿಗೆ ಸುಳ್ಳು ಹೇಳಿಸುತ್ತಿದ್ದರು. ಗೂಗಲ್ ಎಂಜಿನಿಯರ್ ಬೆನ್ಸನ್ ಲ್ಯೂಂಗ್ 2015ರಿಂದ ಅಂಥ ಕೇಬಲ್‌ಗಳನ್ನು ಕೊಂಡು ಪರೀಕ್ಷಿಸಿ ಬಯಲಿಗೆಳೆದರು. ತಂತಿಗಳನ್ನೇ ಅದಲುಬದಲಾಗಿ ಬೆಸೆದಿದ್ದ ಒಂದು ಕೇಬಲ್ 2016ರ ಆರಂಭದಲ್ಲಿ ಅವರ ಲ್ಯಾಪ್‌ಟಾಪನ್ನೇ ಕೆಡಿಸಿತು. ಅದನ್ನು ಓದಿದಂದಿನಿಂದ ಹೊಸ ಕೇಬಲ್ ಬಂದರೆ ಮಲ್ಟಿಮೀಟರ್ ಮುಟ್ಟಿಸದೆ ಯಾವ ಫೋನಿಗೂ ಹಾಕುವುದಿಲ್ಲ.

ಇನ್ನು ವೇಗದ ಚಾರ್ಜಿಂಗ್. ದೊಡ್ಡ ಹೆದರಿಕೆ ಇರುವುದೇ ಇಲ್ಲಿ: 20 ವೋಲ್ಟ್ ಎಂದು ಬರೆದ ಡಬ್ಬಿಯನ್ನು ಹಳೆಯ ಫೋನಿಗೆ ಹಾಕುವುದು ಹೇಗೆ? ಹಾಕಬಹುದು. ವೇಗದ ವಿಧಾನ ಕ್ವಾಲ್‌ಕಾಮ್‌ನ ಕ್ವಿಕ್ ಚಾರ್ಜ್ ಆಗಲಿ, ಯುಎಸ್‌ಬಿಯ ಪಿಡಿ (ಪವರ್ ಡೆಲಿವರಿ) ಆಗಲಿ, ಆರಂಭ 5 ವೋಲ್ಟಿನಲ್ಲೇ. ಫೋನ್ ಕೇಳಿದರೆ ಮಾತ್ರ 9 ಅಥವಾ ಅದರಾಚೆಗೆ ಏರುತ್ತದೆ. ಕೇಳುವ ಭಾಷೆಯೇ ಗೊತ್ತಿಲ್ಲದ ಹಳೆಯ ಫೋನ್ 5 ವೋಲ್ಟಿನಲ್ಲೇ ಉಳಿಯುತ್ತದೆ. ಮೀಟರ್ ಇಟ್ಟು ಹಳೆಯ ಫೋನ್‌ಗಳ ಮೇಲೆ ಬಗೆಬಗೆಯಾಗಿ ನೋಡಿದ್ದೇನೆ, ಕೇಳದೆ ಏರಿದ್ದು ಒಂದೂ ಇಲ್ಲ. ಕಳೆದುಕೊಳ್ಳುವುದು ವೇಗ ಮಾತ್ರ. ಒಪ್ಪೊದವರ ವೂಕ್ ಎಂಬ ವಿಧಾನ 5 ವೋಲ್ಟಿನ ಆಸುಪಾಸಿನಲ್ಲೇ 4 ಆಂಪಿಯರ್ ಹರಿಸುತ್ತದೆ. ಅದಕ್ಕೆ ಅದರದೇ ಚಾರ್ಜರ್, ಅದರದೇ ಕೇಬಲ್ ಬೇಕು. ಸ್ಯಾಮ್ಸಂಗ್‌ನ 25 ವಾಟ್ ಬೇಕಾದರೆ ಚಾರ್ಜರಿನಲ್ಲಿ ಪಿಪಿಎಸ್ ಇರಬೇಕು, ಅಂದರೆ 20 ಮಿಲಿವೋಲ್ಟಿನ ಸಣ್ಣ ಮೆಟ್ಟಿಲುಗಳಲ್ಲಿ ಏರಿಳಿಯುವ ಸೌಲಭ್ಯ. ನಾನು ಮೇಜಿಗೆ ಆರಿಸಿದ 65 ವಾಟಿನದರಲ್ಲಿ ಪಿಡಿ, ಪಿಪಿಎಸ್ ಎರಡೂ ಇವೆ. ನಾಲ್ಕೈದು ಮೂಲ ಚಾರ್ಜರ್‌ಗಳನ್ನು ಮತ್ತೆ ಕೊಳ್ಳುವುದಕ್ಕೆ ಹೋಲಿಸಿದರೆ ಇದಕ್ಕೆ ತಗಲಿದ್ದು ಅದರ ಮೂರನೇ ಒಂದು ಭಾಗವಿರಬಹುದು.

67 ವಾಟಿನ ಸ್ವಂತ ಚಾರ್ಜರ್ ಇರುವ, 5000 ಎಂಎಎಚ್ ಬ್ಯಾಟರಿಯ ಒಂದು ಫೋನನ್ನು ಎರಡೂ ಬಗೆಯಲ್ಲಿ ತುಂಬಿಸಿ ನೋಡಿದೆ. 20ರಿಂದ 80 ಪ್ರತಿಶತಕ್ಕೆ ತನ್ನದರಲ್ಲಿ ಇಪ್ಪತ್ತೈದು ನಿಮಿಷದ ಹತ್ತಿರ, ನನ್ನದರಲ್ಲಿ ಗಂಟೆಗೆ ಸ್ವಲ್ಪ ಕಡಿಮೆ. ಆದರೆ ಬೆನ್ನಿನ ಬಿಸಿ ತನ್ನದರಲ್ಲಿ 41 ಡಿಗ್ರಿ ಮುಟ್ಟಿತ್ತು, ನನ್ನದರಲ್ಲಿ 34 ದಾಟಲಿಲ್ಲ. ಲಿಥಿಯಂ ಬ್ಯಾಟರಿಗೆ ಬಿಸಿಯೇ ಶತ್ರು. ರಾತ್ರಿಯಿಡೀ ಹಾಕಿಡುವವರಿಗೆ ನಿಧಾನದ ಚಾರ್ಜರನ್ನೇ ಹೇಳುತ್ತೇನೆ. ಯುರೋಪಿನ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಮಾರಾಟಕ್ಕೆ ಬರುವ ಹೊಸ ಫೋನ್‌ಗಳಿಗೆ ಟೈಪ್-ಸಿ ಕಡ್ಡಾಯ. 15 ವಾಟಿಗಿಂತ ವೇಗವಾಗಿ ತುಂಬುವವುಗಳಲ್ಲಿ ತಮ್ಮದೇ ವಿಧಾನವಿದ್ದರೂ ಪಿಡಿ ಕೂಡ ಇರಲೇಬೇಕು. ನನ್ನನ್ನು ನಂಬದವರು ಈ ನಿಯಮವನ್ನಾದರೂ ನಂಬಲಿ.

ಹಳೆಯ 5 ವೋಲ್ಟಿನದನ್ನು ಉಳಿಸಿಕೊಂಡದ್ದು ಕೀಪ್ಯಾಡ್ ಫೋನ್‌ಗಳು ಮತ್ತು ಇಯರ್‌ಬಡ್‌ಗಳಿಗಾಗಿ. ಅಗ್ಗದ ಕೆಲವು ಸಾಧನಗಳಲ್ಲಿ ಟೈಪ್-ಸಿ ಬಾಯಿ ಇರುತ್ತದೆ, ಒಳಗೆ ಇರಬೇಕಾದ 5.1 ಕಿಲೋಓಮಿನ ಎರಡು ರೆಸಿಸ್ಟರ್ ಇರುವುದಿಲ್ಲ. ಎರಡೂ ತುದಿ ಟೈಪ್-ಸಿ ಆಗಿರುವ ಕೇಬಲಿನಲ್ಲಿ ಆ ರೆಸಿಸ್ಟರ್ ಇಲ್ಲದೆ ಚಾರ್ಜರಿಗೆ ಇಂಥ ಸಾಧನಗಳು ಕಾಣಿಸುವುದೇ ಇಲ್ಲ, ಹೀಗಾಗಿ ವಿದ್ಯುತ್ ಬಿಡುವುದಿಲ್ಲ. ಚಪ್ಪಟೆ ಯುಎಸ್‌ಬಿ ಬಾಯಿಯಲ್ಲಿ 5 ವೋಲ್ಟ್ ಸದಾ ಇರುವುದರಿಂದ ಅಲ್ಲಿ ತಕ್ಷಣ ತುಂಬತೊಡಗುತ್ತವೆ. ಚಾರ್ಜಿಂಗ್ ಬಾಯಿ ಕೆಟ್ಟಿದೆ ಎಂದು ಬಂದ ಇಂಥವನ್ನು ಬಿಚ್ಚದೆಯೇ, ಹಣ ತೆಗೆದುಕೊಳ್ಳದೆಯೇ ಎಷ್ಟೋ ಸಲ ವಾಪಸು ಕಳುಹಿಸಿದ್ದೇನೆ. ಆ ಗ್ರಾಹಕರು ಮತ್ತೆ ಬಂದೇ ಬರುತ್ತಾರೆ.

ಎರಡು ಬಾಯಿಯ ಚಾರ್ಜರ್ ಕೊಳ್ಳುವವರಿಗೆ ಒಂದು ಮಾತು. ಎರಡನೆಯ ಫೋನ್ ಸಿಕ್ಕಿಸಿದ ಕ್ಷಣ ಅದು ವಾಟುಗಳನ್ನು ಮರುಹಂಚಿಕೆ ಮಾಡಲು ಮೊದಲನೆಯ ಫೋನಿನ ಪೂರೈಕೆಯನ್ನೂ ಒಂದೆರಡು ಸೆಕೆಂಡು ಕಡಿಯುತ್ತದೆ. ಬ್ಯಾಟರಿಯಲ್ಲಿ ಜೀವವಿರುವ ಫೋನಿಗೆ ಇದರಿಂದ ಏನೂ ಆಗುವುದಿಲ್ಲ. ಪೂರ್ತಿ ಬರಿದಾಗಿ ಆಗಷ್ಟೇ ಲೋಗೋ ತೋರಿಸುತ್ತಿರುವ ಫೋನ್ ಮಾತ್ರ ಅಲ್ಲೇ ಆರಿಹೋಗಿ ಮತ್ತೆ ಮೊದಲಿನಿಂದ ಶುರುಮಾಡುತ್ತದೆ. ಬೂಟ್ ದೋಷವೆಂದು ಸಾಫ್ಟ್‌ವೇರ್ ಹಾಕಲು ಕೂರಬೇಡಿ. ಆ ಫೋನ್ ಐದು ಪ್ರತಿಶತ ಮುಟ್ಟುವವರೆಗೆ ಇನ್ನೊಂದು ಬಾಯಿಯನ್ನು ಖಾಲಿ ಬಿಡಿ.