ಅಜ್ಜನ ಮಡಚುವ ಚಾಕುವಿಗೆ ಬೆಲೆ ಕಟ್ಟಿದ್ದು

ನಮ್ಮ ಅಜ್ಜ ಮೂಡಿಗೆರೆ ಕಡೆಯ ಒಂದು ದೊರೆ ತೋಟದಲ್ಲಿ, ಅಂದರೆ ಬ್ರಿಟಿಷರ ಕಾಫಿ ತೋಟದಲ್ಲಿ, ಲೆಕ್ಕಪತ್ರ ನೋಡುವ ರೈಟರ್ ಆಗಿದ್ದರು. ಮನೆ ಪಾಲಾದಾಗ ಯಾರ ಪಾಲಿಗೂ ಸೇರದೆ ಉಳಿದದ್ದು ಅವರ ಮಡಚುವ ಚಾಕು. ಒಂದೇ ಅಲಗು, ತುದಿ ಸ್ವಲ್ಪ ಬಾಗಿದೆ, ಕಾಫಿ ಗಿಡದ ರೆಂಬೆ ಸವರುವಂಥದ್ದು. ಲಕ್ಷ ಬರುತ್ತೆ ಅಂದರು ಒಬ್ಬರು, ಗುಜರಿಗೆ ಹಾಕು ಅಂದರು ಇನ್ನೊಬ್ಬರು. ಇಬ್ಬರೂ ಅದನ್ನು ಬಿಚ್ಚಿ ನೋಡಿರಲಿಲ್ಲ! ಬೆಲೆ ತಿಳಿಯುವ ಕೆಲಸ ನನ್ನ ತಲೆಗೆ ಬಂತು.

ನಾನು ಮೊದಲು ನೋಡಿದ್ದು ಹಿಡಿಯನ್ನು. ಕಾರಣ ಇದೆ. ಚಾಕುಗಳಿಗೆ ಹೆಸರಾದ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆ ಕಾಲದಲ್ಲಿ ಚಾಕುವಿನ ಹಿಡಿಗೆ ನಮ್ಮ ದೇಶದ ಕಡವೆ ಕೊಂಬನ್ನೇ ತರಿಸಿಕೊಳ್ಳುತ್ತಿದ್ದರು. ಕೊಂಬಿನದ್ದಾದರೆ 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ತಾನಾಗಿ ಉದುರಿದ ಕೊಂಬು ಅಂದರೂ ಮಾರುವಂತಿಲ್ಲ. 2023ರ ಹುಲಿ ಉಗುರಿನ ಗಲಾಟೆ ಆದಮೇಲೆ ನಮ್ಮ ಕಡೆ ಎಲ್ಲರಿಗೂ ಈ ಭಯ ಇದ್ದೇ ಇದೆ. ಆನೆದಂತದ ಹಿಡಿಗೂ ಇದೇ ಕಥೆ.

ಭೂತಗನ್ನಡಿ ಹಿಡಿದು ನೋಡಿದೆ. ಎರಡೂ ಬದಿಯ ಗೀರುಗಳು ಒಂದೇ ಅಳತೆಯಲ್ಲಿದ್ದವು, ಉಳಿಯಲ್ಲಿ ಕೊರೆದದ್ದು ಗೊತ್ತಾಗುತ್ತಿತ್ತು. ನಯವಾದ ಜಾಗದಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಕಪ್ಪು ಚುಕ್ಕೆಗಳು. ಅದು ದನದ ಮೂಳೆಯ ಗುರುತು. ಕೊಂಬಾದರೆ ಎರಡು ಬದಿ ಹೀಗೆ ಹೊಂದುವುದೇ ಇಲ್ಲ, ಒಳಗೆ ಸ್ಪಂಜಿನ ಹಾಗೆ ತೂತುತೂತು ಇರುತ್ತದೆ. ಆದರೂ ಪರಿಚಯದ ಅರಣ್ಯಾಧಿಕಾರಿಗೆ ತೋರಿಸಿಯೇ ಮುಂದೆ ಹೋದೆ. ಮೂಳೆಯೇ ಅಂದರು.

ಇನ್ನು ಹೆಸರು. ಅಲಗಿನ ಬುಡದಲ್ಲಿ ಒತ್ತಿದ್ದ ಅಕ್ಷರ ಜಿಡ್ಡಿನಡಿ ಮುಚ್ಚಿತ್ತು. ಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಒರೆಸಿದಾಗ ಜೋಸೆಫ್ ರಾಡ್ಜರ್ಸ್ ಅಂತ ಕಂಡಿತು, ಅದು ಶೆಫೀಲ್ಡ್‌ನ ಹೆಸರಾಂತ ಚಾಕು ಕಂಪನಿ. ಪಕ್ಕದಲ್ಲಿ ಕಿರೀಟ, ಜಿ ಮತ್ತು ಆರ್ ಅಕ್ಷರ, ಅಂದರೆ ಜಾರ್ಜ್ ರಾಜ. ಇಂಗ್ಲೆಂಡಿನಲ್ಲಿ 1910ರಿಂದ 1952ರವರೆಗೆ ಆಳಿದ ಜಾರ್ಜ್‌ಗಳ ಕಾಲದ್ದು ಅಂತ ಅಂದಾಜು. ಈ ಹೆಸರನ್ನು ನಕಲು ಮಾಡಿದವರು ಬೇಕಾದಷ್ಟು ಜನ. ಹಾಗಾಗಿ ಅಕ್ಷರ ಸ್ಪಷ್ಟವಾಗಿದೆಯಾ, ಕೆಲಸ ಅಚ್ಚುಕಟ್ಟಾಗಿದೆಯಾ ಅಂತಲೂ ನೋಡಬೇಕು. ನಮ್ಮದು ತೆರೆದಾಗ ಟಕ್ ಅನ್ನುತ್ತದೆ, ಅಲಗು ಅಲ್ಲಾಡುವುದಿಲ್ಲ. ಸಾಣೆ ಹಿಡಿದು ಅಲಗು ಸ್ವಲ್ಪ ಸವೆದಿದೆ, ಅಲ್ಲಿ ಬೆಲೆ ಇಳಿಯುತ್ತದೆ. ಹಿಡಿಯ ತುದಿಯ ಬಿಳಿ ಲೋಹ ನೋಡಿ ಬೆಳ್ಳಿ ಅಂದುಕೊಳ್ಳಬೇಡಿ. ಅದು ನಿಕಲ್ ಸಿಲ್ವರ್. ತಾಮ್ರ, ನಿಕಲ್, ಸತು ಸೇರಿದ್ದು, ಬೆಳ್ಳಿ ಒಂದು ಚೂರೂ ಇಲ್ಲ.

ಅಲಗು ಕಪ್ಪಾಗಿತ್ತು. ಫಳಫಳ ಅನ್ನಿಸಿಕೊಡುತ್ತೇನೆ ಅಂತ ಪೇಟೆಯ ಸಾಣೆಯವ ಬಹಳ ಒತ್ತಾಯ ಮಾಡಿದ. ಬೇಡ ಅಂದೆ. ಆ ಕಪ್ಪು ಹಳೇ ಉಕ್ಕಿನ ಸಹಜ ಬಣ್ಣ, ಸಂಗ್ರಹ ಮಾಡುವವರು ಅದನ್ನೇ ಕೇಳುತ್ತಾರೆ. ಬಫಿಂಗ್, ಅಂದರೆ ಮಿಷನ್ ಪಾಲಿಶ್, ಮಾಡಿಸಿದರೆ ಒತ್ತಿದ ಅಕ್ಷರವೂ ಅಳಿಸುತ್ತದೆ, ಬೆಲೆಯೂ ಹೋಗುತ್ತದೆ. ಕೆಂಪು ತುಕ್ಕನ್ನು ಮಾತ್ರ ಹೊಲಿಗೆ ಮಿಷನ್ ಎಣ್ಣೆ ಹಾಕಿ ನೆನೆಸಿ, ತುಂಬ ನಯವಾದ ಸ್ಟೀಲ್ ವುಲ್‌ನಿಂದ ಮೆಲ್ಲಗೆ ಉಜ್ಜಿದೆ. ಕೀಲಿನ ಒಳಗಿನ ಕೊಳೆಗೆ ಹಲ್ಲುಕಡ್ಡಿ ಸಾಕು. ಬಿಸಿನೀರಲ್ಲಿ ಹಾಕಬಾರದು, ಮೂಳೆ ಸೀಳುತ್ತದೆ. ಕೊಬ್ಬರಿ ಎಣ್ಣೆಯೂ ಬೇಡ, ದಿನ ಕಳೆದಂತೆ ಅಂಟಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಇಟ್ಟರಂತೂ ತುಕ್ಕು ಗ್ಯಾರಂಟಿ. ನಾನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪುಡಿಕೆ ಜೊತೆ ಇಟ್ಟೆ.

ಬೆಲೆಗೆ ಇಬೇ ಅನ್ನೋ ಆನ್‌ಲೈನ್ ಮಾರುಕಟ್ಟೆಯಲ್ಲಿ ಹುಡುಕಿದೆ. ಅಲ್ಲಿ ಮಾರುವವರು ಕೇಳುವ ಬೆಲೆ ಬಿಡಿ, ಬಾಯಿಗೆ ಬಂದದ್ದು. ಮಾರಾಟ ಆಗಿಹೋದದ್ದನ್ನು ಮಾತ್ರ ಬೇರೆ ಮಾಡಿ, ಇದೇ ಮಾದರಿ, ಇಷ್ಟೇ ಸವೆದದ್ದು ನೋಡಿದರೆ ನಿಜ ತಿಳಿಯುತ್ತದೆ. ಲಕ್ಷದ ಮಾತು ಅಲ್ಲೇ ಮುಗಿಯಿತು. ಹೊರದೇಶಕ್ಕೆ ಕಳಿಸುವ ಯೋಚನೆಯನ್ನೂ ಬಿಟ್ಟೆ. 100 ವರ್ಷ ದಾಟಿದ ವಸ್ತುಗಳನ್ನು ಹಾಗೆ ಕಳಿಸುವಂತಿಲ್ಲ, ಇದು ದಾಟಿರಲೂಬಹುದು.

ತೆರೆದದ್ದು, ಮುಚ್ಚಿದ್ದು, ಎರಡೂ ಬದಿ, ಅಕ್ಷರ ಹತ್ತಿರದಿಂದ, ಪಕ್ಕದಲ್ಲಿ ಸ್ಕೇಲು ಇಟ್ಟು ಫೋಟೋ ತೆಗೆದೆ. ಬೆಂಗಳೂರಿನ ಒಬ್ಬ ಸಂಗ್ರಹಕಾರರು ನೋಡಿ ಒಂದು ಬೆಲೆ ಹೇಳಿದರು. ನನ್ನ ಲೆಕ್ಕಕ್ಕೆ ಹತ್ತಿರವೇ ಇತ್ತು. ಅದನ್ನು ಮನೆಯಲ್ಲಿ ಹೇಳಿದಾಗ ಚಿಕ್ಕಪ್ಪ ಎದ್ದು ಹೋಗಿ ಅಷ್ಟೇ ದುಡ್ಡು ತಂದು ಮೇಜಿನ ಮೇಲೆ ಇಟ್ಟರು. ಪಾಲುದಾರರೆಲ್ಲ ಹಂಚಿಕೊಂಡೆವು. ಡಬ್ಬ ಈಗ ಚಿಕ್ಕಪ್ಪನ ಬೀರುವಿನಲ್ಲಿದೆ.